ಅಡುಗೆಯವನಿಲ್ಲದ ಅಡುಗೆಮನೆ

ಓದುಗರ ಪತ್ರ

“ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ‘ಪಿಜ್ಜಾ ಅಂಗಡಿ ಮುಂದೆ ಸಾಲು ನಿಂತ ಊರು’ ಎಂದು ನಮ್ಮ ದಾವಣಗೆರೆಯನ್ನು ಹಂಗಿಸಿದ್ದೀರಿ. ನಾನು ಹೈಸ್ಕೂಲ್ ಶಿಕ್ಷಕಿ. ಪಿಯುಸಿ ಓದುವ ನನ್ನ ಮಗಳು ಗೆಳತಿಯರ ಜೊತೆ ಅಂಥ ಅಂಗಡಿಯಲ್ಲಿ ಎರಡು ಗಂಟೆ ಕೂತರೂ ಯಾರೂ ಎಬ್ಬಿಸುವುದಿಲ್ಲ. ಶೌಚಾಲಯ ಚೊಕ್ಕಟವಾಗಿದೆ. ನೀವು ಹಾಡಿ ಹೊಗಳುವ ದೋಸೆ ಹೋಟೆಲಿನಲ್ಲಿ ಕೊನೆಯ ತುತ್ತು ನುಂಗುವ ಮೊದಲೇ ಬೆನ್ನ ಹಿಂದೆ ಇನ್ನೊಬ್ಬರು ನಿಂತಿರುತ್ತಾರೆ. ಅಷ್ಟಕ್ಕೂ ಬೆಣ್ಣೆ ದೋಸೆಯೂ ಫಾಸ್ಟ್ ಫುಡ್ಡೇ ಅಲ್ಲವೇ? ಬೆಂಗಳೂರಿನ ಗಲ್ಲಿಗಲ್ಲಿಯಲ್ಲೂ ಅದರ ಬೋರ್ಡಿದೆ. ಅವರು ಬಂದರೆ ದಾಳಿ, ನಾವು ಹೋದರೆ ಪರಂಪರೆಯೇ?”

– ಒಬ್ಬ ಶಿಕ್ಷಕಿ, ವಿದ್ಯಾನಗರ, ದಾವಣಗೆರೆ

ಸಂಪಾದಕರ ಉತ್ತರ

ಮೇಡಂ, ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ‘ಸಂಚಿಕೆ ಚೆನ್ನಾಗಿತ್ತು’ ಎನ್ನುವ ಜಾತಿಯವು. ಅವನ್ನು ಓದಿದರೆ ಸಂಪಾದಕನಿಗೆ ನಿದ್ದೆ ಚೆನ್ನಾಗಿ ಬರುತ್ತದೆ, ಅಷ್ಟೇ. ನಿಮ್ಮ ಪತ್ರ ಹಾಗಲ್ಲ. ಆ ಕೊನೆಯ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿದ್ದರೆ ನಾನು ಬೆಂಚಿನ ಮೇಲೆ ನಿಲ್ಲಬೇಕಾಗುತ್ತಿತ್ತು. ಇನ್ನು ಹಂಗಿಸಿದ ಮಾತು. ನಮ್ಮ ಚಿತ್ರದುರ್ಗದವರಿಗೆ ದಾವಣಗೆರೆಯನ್ನು ಹಂಗಿಸುವ ಹಕ್ಕು ಹಳೆಯದು. 1997ರಲ್ಲಿ ಜೆ.ಎಚ್. ಪಟೇಲರು ಜಿಲ್ಲೆ ಪಾಲು ಮಾಡಿಕೊಟ್ಟರು ನಿಜ, ಈ ಹಕ್ಕನ್ನು ಪಾಲು ಮಾಡಿದ್ದು ನನಗೆ ತಿಳಿದಿಲ್ಲ.

ಮೊದಲು ನಿಮಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. ಹೆಣ್ಣುಮಕ್ಕಳು ನಾಲ್ಕು ಜನ ಸೇರಿ ನಗುತ್ತಾ ಕೂರಲು ನಮ್ಮ ಊರುಗಳಲ್ಲಿ ಜಾಗವೆಲ್ಲಿದೆ? ಗಂಡುಹುಡುಗರಿಗೆ ಸರ್ಕಲ್ಲಿದೆ, ಪಾನ್ ಅಂಗಡಿಯಿದೆ, ಬೈಕಿನ ಸೀಟಿದೆ. ಹಾಂಕಾಂಗಿನಲ್ಲೂ ಮಕ್ಕಳು ಶಾಲೆ ಬಿಟ್ಟ ಮೇಲೆ ಬರ್ಗರ್ ಅಂಗಡಿಯಲ್ಲಿ ಕೂತು ಹೋಂವರ್ಕ್ ಮಾಡುತ್ತಾರೆ ಎಂದು ಓದಿದ್ದೇನೆ. ಹಿಂದೆ ನಮ್ಮ ಹೋಟೆಲುಗಳ ಬೋರ್ಡಿನ ಮೇಲೇ ಜಾತಿ ಇರುತ್ತಿತ್ತು. ಯಾರು ಒಳಗೆ ಕೂರಬೇಕು, ಯಾರು ಹೊರಗೆ ನಿಂತು ಬೇರೆ ಲೋಟದಲ್ಲಿ ಕುಡಿಯಬೇಕು ಎಂಬುದೂ ತೀರ್ಮಾನವಾಗಿರುತ್ತಿತ್ತು. ದುಡ್ಡು ಕೊಟ್ಟವರಿಗೆಲ್ಲ ಒಂದೇ ಟ್ರೇ ಕೊಡುವ ಅಂಗಡಿ ಆ ಮಟ್ಟಿಗೆ ಮೇಲು. ಶೌಚಾಲಯದ ವಿಷಯದಲ್ಲಂತೂ ನಮ್ಮ ಹೋಟೆಲಿನವರ ಪರ ವಾದಿಸಲು ನನಗೆ ಬಾಯಿಲ್ಲ. ಆಯಿತಲ್ಲ? ಇನ್ನು ನನ್ನ ಸರದಿ.

ಬೆಣ್ಣೆ ದೋಸೆಯೂ ಫಾಸ್ಟ್ ಫುಡ್ಡೇ ಎಂದಿರಿ. ಬೇಗ ಸಿಗುತ್ತದೆ ಎಂಬ ಲೆಕ್ಕಕ್ಕೆ ಹೌದು. ಮಂಡಕ್ಕಿ ಮೆಣಸಿನಕಾಯಿ ಇನ್ನೂ ಬೇಗ. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಶುರುವಾದ ದರ್ಶಿನಿಯಲ್ಲಿ ಕುರ್ಚಿಯನ್ನೇ ತೆಗೆದುಹಾಕಿದರು, ನಿಂತೇ ತಿಂದು ಹೋಗು ಎಂದರು. ಅದರ ಮೇಲೂ ನನಗೆ ಸಿಟ್ಟಿಲ್ಲ. ಹಸಿದವನಿಗೆ ಬೇಗ ಹಾಕುವುದು ಪುಣ್ಯದ ಕೆಲಸ. ನನ್ನ ತಕರಾರು ಒಲೆಯ ಹಿಂದೆ ನಿಂತವರ ಬಗ್ಗೆ. ಊರೂರಿಗೂ ಒಂದೇ ಹೆಸರಲ್ಲಿ ತೆರೆಯುವ ಆ ಸರಪಳಿ ಅಂಗಡಿಗಳ ಅಡುಗೆಮನೆಯಲ್ಲಿ ಅಡುಗೆಯವರೇ ಇಲ್ಲ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಹಾಗೆ ಕಟ್ಟಿದ್ದು.

ಕಟ್ಟಿದ ಕಥೆ ಕೇಳಿ. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋ ಊರಲ್ಲಿ ರಿಚರ್ಡ್ ಮತ್ತು ಮಾರಿಸ್ ಮೆಕ್‌ಡೊನಾಲ್ಡ್ ಎಂಬ ಅಣ್ಣತಮ್ಮಂದಿರ ಹೋಟೆಲು 1940ರಿಂದ ಚೆನ್ನಾಗಿಯೇ ನಡೆಯುತ್ತಿತ್ತು. 1948ರಲ್ಲಿ ಅದನ್ನು ಕೆಲವು ತಿಂಗಳು ಮುಚ್ಚಿ ಹೊಸದಾಗಿ ಯೋಚಿಸಿದರು. ಕಾರಿನ ಹತ್ತಿರ ತಂದುಕೊಡುತ್ತಿದ್ದ ಹುಡುಗಿಯರನ್ನು ಬಿಡಿಸಿದರು. ತಟ್ಟೆ, ಚಮಚ ತೆಗೆದು ಕಾಗದ ತಂದರು. ತಿಂಡಿಯ ಪಟ್ಟಿಯನ್ನು ಕತ್ತರಿಸಿ ಒಂಬತ್ತಕ್ಕೆ ಇಳಿಸಿದರು. ಮುಂದೆ ಹೊಸ ಅಡುಗೆಮನೆ ಕಟ್ಟುವಾಗ ಟೆನಿಸ್ ಅಂಗಳದಲ್ಲಿ ಸೀಮೆಸುಣ್ಣದಿಂದ ಅದರ ನಕ್ಷೆ ಬರೆದು, ಕೆಲಸದವರನ್ನು ಅದರೊಳಗೆ ಓಡಾಡಿಸಿ, ಯಾರ ಕೈಗೆ ಏನು ಎಷ್ಟು ದೂರದಲ್ಲಿರಬೇಕು ಎಂದು ನೋಡಿದರು. ಒಬ್ಬ ಮಾಂಸದ ಬಿಲ್ಲೆ ಮಗುಚುವುದು, ಇನ್ನೊಬ್ಬ ಸಾಸ್ ಒತ್ತುವುದು, ಮತ್ತೊಬ್ಬ ಸುತ್ತುವುದು. ಅಡುಗೆ ಬಲ್ಲವನು ಯಾರೂ ಬೇಕಾಗಿಲ್ಲ. ಬೀದಿಯಿಂದ ಕರೆತಂದವನೂ ಸಂಜೆಯೊಳಗೆ ತಯಾರು. ಹ್ಯಾಂಬರ್ಗರಿನ ಬೆಲೆ 15 ಸೆಂಟಿಗೆ ಇಳಿಯಿತು, ಜನ ಮುಗಿಬಿದ್ದರು. 1954ರಲ್ಲಿ ಮಿಲ್ಕ್‌ಶೇಕ್ ಯಂತ್ರ ಮಾರುವ ರೇ ಕ್ರಾಕ್ ಎಂಬಾತ ಅಲ್ಲಿಗೆ ಬಂದು ನೋಡಿ ಮೈಮರೆತ. ಆತ ಕಂಡದ್ದು ಬರ್ಗರನ್ನಲ್ಲ, ಎಲ್ಲಿ ಬೇಕಾದರೂ ಅಚ್ಚು ಹಾಕಬಹುದಾದ ಅಡುಗೆಮನೆಯನ್ನು.

1961ರಲ್ಲಿ ಕ್ರಾಕ್ ಆ ಅಣ್ಣತಮ್ಮಂದಿರಿಂದ ಎಲ್ಲವನ್ನೂ 27 ಲಕ್ಷ ಡಾಲರಿಗೆ ಬರೆಸಿಕೊಂಡ. ಹೆಸರೂ ಅದರಲ್ಲಿ ಸೇರಿತ್ತು. ಅಣ್ಣತಮ್ಮಂದಿರು ತಮ್ಮ ಮೊದಲ ಹೋಟೆಲನ್ನು ಉಳಿಸಿಕೊಂಡರೂ ಅದರ ಮೇಲೆ ಸ್ವಂತ ಹೆಸರಿನ ಬೋರ್ಡ್ ಹಾಕುವಂತಿರಲಿಲ್ಲ. ‘ಬಿಗ್ ಎಂ’ ಎಂದು ಬದಲಿಸಿಕೊಂಡರು. ಕ್ರಾಕ್ ಅದರ ಹತ್ತಿರವೇ ಹೊಸ ಮೆಕ್‌ಡೊನಾಲ್ಡ್ಸ್ ತೆರೆಸಿದ. ಹುಟ್ಟಿಸಿದವರ ಅಂಗಡಿ ಮುಚ್ಚಿಹೋಯಿತು.

ಈಗ ನಿಮ್ಮೂರಿಗೆ ಬನ್ನಿ. 1928ರಲ್ಲಿ ಚೆನ್ನಮ್ಮ ಎಂಬ ಹೆಣ್ಣುಮಗಳು ಬೆಳಗಾವಿ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ದಾವಣಗೆರೆಗೆ ಬಂದು, ಸಾವಳಗಿ ನಾಟಕ ಥಿಯೇಟರಿನ ಬಳಿ ರಾಗಿ ಹಿಟ್ಟಿನ ದೋಸೆ ಹಾಕತೊಡಗಿದಳು, ಹತ್ತು ವರ್ಷದ ಮೇಲೆ ಮಕ್ಕಳು ಅಕ್ಕಿ, ಉದ್ದು, ಮಂಡಕ್ಕಿ ರುಬ್ಬಿ ಬೆಣ್ಣೆ ಹಾಕಿ ಈಗಿನ ರೂಪಕ್ಕೆ ತಂದರು ಎಂಬುದು ಊರು ಹೇಳಿಕೊಂಡು ಬಂದ ಕಥೆ. ಆ ದೋಸೆ ಇವತ್ತು ಬೆಂಗಳೂರಿನ ಗಲ್ಲಿಗಲ್ಲಿಗೆ ಹೋಗಿದೆ ಎಂದಿರಲ್ಲ, ಹೋದದ್ದು ಹೇಗೆ? ಯಾರೂ ಹಕ್ಕು ಮಾರಲಿಲ್ಲ, ಯಾರೂ ರಾಯಲ್ಟಿ ಕಟ್ಟಲಿಲ್ಲ. ಕಾವಲಿ ಮುಂದೆ ನಿಂತು ಕಲಿತವರು ಒಂದು ದಿನ ಬಸ್ಸು ಹತ್ತಿದರು. ಕೈ ಅವರ ಜೊತೆ ಹೋಯಿತು. ಅದಕ್ಕೇ ಆ ಬೋರ್ಡುಗಳ ಕೆಳಗೆ ಒಂದು ಕಡೆ ಸಿಗುವುದು ಇನ್ನೊಂದು ಕಡೆ ಸಿಗುವುದಿಲ್ಲ. ಕೆಲವು ಕಡೆ ಬೆಣ್ಣೆಯ ಹೆಸರಲ್ಲಿ ಏನು ಹಾಕುತ್ತಾರೋ ಆ ದೇವರೇ ಬಲ್ಲ. ಆದರೂ ಕೆಟ್ಟ ದೋಸೆ ಹಾಕುವ ಸ್ವಾತಂತ್ರ್ಯವಾದರೂ ಅಲ್ಲಿ ಇದೆ, ಮೇಡಂ. ಒಳ್ಳೆಯ ದೋಸೆ ಹುಟ್ಟುವುದೂ ಅದೇ ಸ್ವಾತಂತ್ರ್ಯದಿಂದ.

ಮುಂದಿನ ಸಲ ಸೌದೆ ಒಲೆಯ ಹೋಟೆಲಿಗೆ ಹೋದಾಗ ಮೇಜಿನ ಕಡೆ ನೋಡಬೇಡಿ, ಒಲೆಯ ಕಡೆ ನೋಡಿ. ದೋಸೆ ಹಾಕುವಾತ ಕಾವಲಿಗೆ ನೀರು ಚಿಮುಕಿಸಿ ಕಿವಿ ಕೊಡುತ್ತಾನೆ. ಚುರ್ ಎನ್ನುವ ಸದ್ದು ಚೂಪಾಗಿದ್ದರೆ ಉರಿ ಹೆಚ್ಚಾಯಿತೆಂದು ಒಂದು ಕೊಳ್ಳಿಯನ್ನು ಕಾಲಿನಿಂದಲೇ ಹೊರಗೆ ಎಳೆಯುತ್ತಾನೆ. ಕಡ್ಡಿ ಪೊರಕೆಯಿಂದ ಒಮ್ಮೆ ಗುಡಿಸುತ್ತಾನೆ. ಹಿಟ್ಟನ್ನು ಸೌಟಿನಿಂದ ಹುಯ್ದು ಎರಡೇ ಸುತ್ತು, ದೊಡ್ಡದಾಗಿ ಎಳೆಯುವುದಿಲ್ಲ. ತೆಳ್ಳಗಾದರೆ ಬೆಣ್ಣೆ ಕುಡಿಯಲು ಅದಕ್ಕೆ ಮೈಯೇ ಇರುವುದಿಲ್ಲ. ಬೆಣ್ಣೆ ಕರಗಿ ಅಂಚಿಗೆ ಓಡಿ ನೊರೆ ಎದ್ದಾಗ ಮಗುಚುತ್ತಾನೆ. ಚಳಿಗಾಲದಲ್ಲಿ ಹಿಟ್ಟು ತಡವಾಗಿ ಹುಳಿ ಬರುತ್ತದೆ, ಏಪ್ರಿಲ್‌ನಲ್ಲಿ ರಾತ್ರಿ ಕಳೆಯುವುದರೊಳಗೆ ಉಕ್ಕಿರುತ್ತದೆ. ಅದೆಲ್ಲ ಅವನ ಮೂಗಿಗೆ ಗೊತ್ತು. ಇದ್ಯಾವುದನ್ನೂ ಗೋಡೆಗೆ ಬರೆದು ಅಂಟಿಸಿಲ್ಲ.

ಗೋಡೆಗೆ ಅಂಟಿಸಿದ್ದನ್ನೂ ನೋಡಿದ್ದೇನೆ. ಮೊಮ್ಮಗನ ಹಟಕ್ಕೆ ನಿಮ್ಮೂರಿನ ಅಂಥದೊಂದು ಪಿಜ್ಜಾ ಅಂಗಡಿಗೆ ಹೋಗಿದ್ದೆ. ಕೌಂಟರಿನ ಹುಡುಗ ಜಗಳೂರು ಕಡೆಯವನು, ಬಿ.ಕಾಂ. ಮುಗಿಸಿದ್ದಾನೆ, ನಗುಮುಖ. “ಹಿಟ್ಟು ಎಷ್ಟು ಹೊತ್ತು ನೆಂದಿದೆ ತಮ್ಮಾ?” ಎಂದೆ. “ಗೊತ್ತಿಲ್ಲ ಅಂಕಲ್, ರೆಡಿ ಬರುತ್ತೆ, ಟ್ರೇಲಿ.” “ಉಪ್ಪು ಸ್ವಲ್ಪ ಕಮ್ಮಿ ಮಾಡಬಹುದಾ?” ಅವನು ಬೈಯಲಿಲ್ಲ, ಪಾಪ, ಒಳಗಿನ ಗೋಡೆ ತೋರಿಸಿದ. ಯಾವುದಕ್ಕೆ ಎಷ್ಟು ಗ್ರಾಂ ಚೀಸ್, ಎಷ್ಟು ತುಂಡು ಕ್ಯಾಪ್ಸಿಕಂ, ಚಿತ್ರ ಸಮೇತ. ಬೆಲ್ಟಿನ ಮೇಲೆ ಇಟ್ಟರೆ ಓವನ್ ಒಳಗೆ ಹಾದು ಆ ಕಡೆ ಬೆಂದು ಬೀಳುತ್ತದೆ. “ಹಂಗಾದ್ರೆ ನೀನು ಏನು ಕಲಿತೆಯಪ್ಪಾ ಇಲ್ಲಿ?” ಅಂದಾಗ ಸ್ವಲ್ಪ ಯೋಚಿಸಿ, “ಬಿಲ್ಲಿಂಗ್ ಸಾರ್” ಎಂದ. ಅಂಕಲ್ ಹೋಗಿ ಸಾರ್ ಬಂತು, ಪ್ರಶ್ನೆ ಎಲ್ಲೋ ತಾಗಿರಬೇಕು. ಎರಡು ವರ್ಷ ದುಡಿದು ಆ ಹುಡುಗ ಹೊರಗೆ ಬಂದರೆ ಜಗಳೂರಿನಲ್ಲಿ ಒಂದು ಗಾಡಿ ಹಾಕಿಕೊಳ್ಳಲೂ ಬಾರದು. ಅದೇ ದೋಸೆ ಹೋಟೆಲಿನಲ್ಲಿ ಲೋಟ ತೊಳೆಯಲು ಸೇರಿದ ಹುಡುಗ ಕಾವಲಿವರೆಗೆ ಬಂದರೆ ನಾಳೆ ಅವನೇ ಮಾಲೀಕ. ನನ್ನ ತಕರಾರಿನ ತಿರುಳು ಇಷ್ಟೇ, ಮೇಡಂ. ಬೊಜ್ಜು, ಸಕ್ಕರೆ ಕಾಯಿಲೆ ಎಲ್ಲ ಡಾಕ್ಟರು ನೋಡಿಕೊಳ್ಳಲಿ. ಬೆಣ್ಣೆ ಹೆಚ್ಚು ತಿಂದರೂ ಅದೇ ಡಾಕ್ಟರ ಹತ್ತಿರ ಹೋಗಬೇಕು.

ಇನ್ನು ದಾಳಿ ಎಂಬ ಮಾತು. ಅದನ್ನು ಬಳಸಿದ್ದು ನೀವು, ನಾನಲ್ಲ. ಆದರೂ ನೆನಪಾಯಿತು. 1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಬಕೆಟ್ಟಿನಲ್ಲಿ ಕರಿದ ಕೋಳಿ ಮಾರುವ ಕೆಎಫ್‌ಸಿ ಅಂಗಡಿ ಬಂತು. 1996ರ ಜನವರಿ 30ರಂದು, ಗಾಂಧಿ ತೀರಿಕೊಂಡ ದಿನವೇ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘದವರು ಅದಕ್ಕೆ ನುಗ್ಗಿ ಗಾಜು ಒಡೆದರು. ಗಾಜು ಒಡೆಯುವುದನ್ನು ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ, ಅದೂ ಆ ದಿನ. ಆದರೆ ಗಾಜಿನ ಸದ್ದಿನಲ್ಲಿ ಅವರ ಪ್ರಶ್ನೆ ಯಾರಿಗೂ ಕೇಳಿಸಲಿಲ್ಲ. ಮನುಷ್ಯರ ಅನ್ನದ ಹೊಲ ಕೋಳಿ ಮೇವಿನ ಹೊಲವಾಗುತ್ತದೆ ನೋಡಿ ಎಂದಿದ್ದರು. ಜಗಳೂರಿನ ದಾರಿಯಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಬಸ್ಸಿನ ಕಿಟಕಿಯಿಂದ ಕಣ್ಣು ಹಾಯಿಸಿ. ರಾಗಿ, ಜೋಳ, ನವಣೆ ಇದ್ದ ಕಡೆ ಎಷ್ಟು ಮೆಕ್ಕೆಜೋಳ! ಅದರ ಬೀಜ ಪ್ರತಿ ವರ್ಷ ಕಂಪನಿಯಿಂದ ಬರಬೇಕು, ಫಸಲಿನ ದೊಡ್ಡ ಪಾಲು ಕೋಳಿಗೆ ಹೋಗಬೇಕು. ಆ ಕೋಳಿಯೆಲ್ಲ ಬಕೆಟ್ಟಿನ ಅಂಗಡಿಗೇ ಹೋಗುತ್ತದೆ ಎಂದು ಹೇಳುವಷ್ಟು ಮೊಂಡ ನಾನಲ್ಲ. ಕೋಳಿ ನಮ್ಮ ಮನೆಗೂ ಬರುತ್ತದೆ. ಆದರೆ ಬೆಳೆದವನ ಮನೆಯ ಒಲೆಗೆ ಬಾರದ ಬೆಳೆ ಒಂದು ಸೀಮೆಯನ್ನೇ ತುಂಬಿದ್ದನ್ನು ಅಭಿವೃದ್ಧಿ ಎನ್ನಲು ನನ್ನ ನಾಲಿಗೆ ಹೊರಳುವುದಿಲ್ಲ.

ನಂಜುಂಡಸ್ವಾಮಿಯವರೊಬ್ಬರೇ ಅಲ್ಲ. 1999ರ ಆಗಸ್ಟಿನಲ್ಲಿ ಫ್ರಾನ್ಸಿನ ಮಿಯೋ ಎಂಬ ಸಣ್ಣ ಊರಲ್ಲಿ ಜೋಸೆ ಬೋವೆ ಎಂಬ ಕುರಿ ಸಾಕುವವನು ಸಂಗಡಿಗರ ಜೊತೆ ಟ್ರ್ಯಾಕ್ಟರ್ ತಂದು, ಕಟ್ಟುತ್ತಿದ್ದ ಮೆಕ್‌ಡೊನಾಲ್ಡ್ಸನ್ನು ಬಿಚ್ಚಿಹಾಕಿದ. ಕಾರಣ ತಮಾಷೆಯಾಗಿದೆ. ಹಾರ್ಮೋನು ಹಾಕಿ ಬೆಳೆಸಿದ ಅಮೆರಿಕದ ದನದ ಮಾಂಸ ಬೇಡವೆಂದು ಯುರೋಪು ಹೇಳಿತು. ಅಮೆರಿಕ ಸಿಟ್ಟಾಗಿ, ಆ ಸೀಮೆಯ ಕುರಿ ಹಾಲಿನ ರೋಕ್‌ಫೋರ್ ಚೀಸಿನ ಮೇಲೆ ನೂರಕ್ಕೆ ನೂರು ಸುಂಕ ಜಡಿಯಿತು. ಚಳ್ಳಕೆರೆ, ಹಿರಿಯೂರಿನ ಕುರಿಗಾಹಿಗಳಿಗೆ ಈ ಕಥೆ ಹೇಳಿ ನೋಡಿ, ಅರ್ಥ ಬಿಡಿಸಿ ಹೇಳುವ ಅಗತ್ಯವೇ ಬೀಳುವುದಿಲ್ಲ. ರೋಮಿನಲ್ಲಿ 1986ರಲ್ಲಿ ಹಳೆಯ ಚೌಕದ ಪಕ್ಕ ಅದೇ ಅಂಗಡಿ ಬಂದಾಗ ಕಾರ್ಲೊ ಪೆತ್ರೀನಿ ಎಂಬ ಪತ್ರಕರ್ತ ಗಾಜು ಒಡೆಯಲಿಲ್ಲ, ‘ನಿಧಾನದ ಊಟ’ದ ಚಳವಳಿಯನ್ನೇ ಕಟ್ಟಿದ. ನನಗೆ ಅವನು ಹೆಚ್ಚು ಹತ್ತಿರ, ಬಹುಶಃ ಪತ್ರಕರ್ತನೆಂಬ ಕಾರಣಕ್ಕೆ. ಇನ್ನೊಂದು ಕಡೆ, ಮಾಸ್ಕೋದ ಪುಷ್ಕಿನ್ ಚೌಕದಲ್ಲಿ 1990ರ ಜನವರಿ 31ರಂದು ಮೆಕ್‌ಡೊನಾಲ್ಡ್ಸ್ ಬಾಗಿಲು ತೆರೆದಾಗ ಮೊದಲ ದಿನವೇ ಸುಮಾರು 30 ಸಾವಿರ ಜನ ಸಾಲು ನಿಂತಿದ್ದರು. ಅವರನ್ನು ಹಂಗಿಸಲು ನನಗೂ ಮನಸ್ಸಾಗುವುದಿಲ್ಲ. ಜಪಾನಿನಲ್ಲಿ ಕ್ರಿಸ್‌ಮಸ್ ಎಂದರೆ ಕೆಎಫ್‌ಸಿ ಕೋಳಿ. ಅದು ಅಜ್ಜಿ ಹೇಳಿಕೊಟ್ಟ ಪದ್ಧತಿಯಲ್ಲ, 1974ರ ಜಾಹೀರಾತು ಹೇಳಿಕೊಟ್ಟದ್ದು. ಒಂದು ಜಾಹೀರಾತಿಗೆ ಹಬ್ಬದ ಊಟ ನಿರ್ಧರಿಸುವ ಶಕ್ತಿ ಇರುವುದಾದರೆ, ನಮ್ಮ ಹೋಳಿಗೆಯ ಆಯಸ್ಸು ಎಷ್ಟು ಎಂದು ಒಮ್ಮೊಮ್ಮೆ ದಿಗಿಲಾಗುತ್ತದೆ.

ಎಣ್ಣೆಯ ವಿಷಯ ಬಿಟ್ಟರೆ ಚಳ್ಳಕೆರೆಯವರು ನನ್ನನ್ನು ಕ್ಷಮಿಸುವುದಿಲ್ಲ. ಒಂದು ಕಾಲಕ್ಕೆ ಚಳ್ಳಕೆರೆ ಎಂದರೆ ಶೇಂಗಾ ಎಣ್ಣೆ. ಬಸ್ಸು ಊರು ಮುಟ್ಟುವ ಮೊದಲೇ ಮಿಲ್ಲುಗಳ ಹಿಂಡಿಯ ವಾಸನೆ ಬರುತ್ತಿತ್ತು. 1994ರಲ್ಲಿ ಪಾಮೋಲಿನ್ ಆಮದಿಗೆ ಸರ್ಕಾರ ಬಾಗಿಲು ತೆರೆಯಿತು, ಆಮೇಲಿನ ವರ್ಷಗಳಲ್ಲಿ ಸುಂಕವನ್ನೂ ಇಳಿಸುತ್ತಾ ಬಂತು. ಮಲೇಷ್ಯಾ, ಇಂಡೊನೇಷ್ಯಾದ ಎಣ್ಣೆಯ ಮುಂದೆ ನಮ್ಮ ಗಾಣ ನಿಲ್ಲಲಿಲ್ಲ. ಎಷ್ಟು ಸಲ ಕಾಯಿಸಿದರೂ ತಡೆಯುವ, ವಾಸನೆಯಿಲ್ಲದ, ಎಲ್ಲ ಊರಲ್ಲೂ ಒಂದೇ ಥರ ಇರುವ ಅಗ್ಗದ ಎಣ್ಣೆ ಕರಿಯುವ ಉದ್ಯಮಕ್ಕೆ ಬೇಕಿತ್ತು. ಶೇಂಗಾ ಎಣ್ಣೆಗೆ ತನ್ನದೇ ವಾಸನೆ, ಅದೇ ಅದರ ಅಪರಾಧ. ನಿಜ ಹೇಳಬೇಕೆಂದರೆ ನಮ್ಮ ಮೆಣಸಿನಕಾಯಿ ಬಜ್ಜಿಯ ಬಾಣಲೆಯಲ್ಲೂ ಈಗ ಇರುವುದು ಪಾಮೋಲಿನ್ನೇ. ಅಮೆರಿಕದಲ್ಲಿ ಮೆಕ್‌ಡೊನಾಲ್ಡ್ಸಿನವರು 1990ರವರೆಗೆ ಆಲೂಗಡ್ಡೆಯನ್ನು ದನದ ಕೊಬ್ಬಿನಲ್ಲೇ ಕರಿಯುತ್ತಿದ್ದರು. ಸಸ್ಯದ ಎಣ್ಣೆಗೆ ಬದಲಾದೆವೆಂದು ಸಾರಿದ ಮೇಲೂ ರುಚಿಗೆ ದನದ ಅಂಶ ಸೇರಿಸುತ್ತಿದ್ದದ್ದು ಹೊರಬಿದ್ದು, ಅಲ್ಲಿನ ಹಿಂದೂಗಳೂ ಸಸ್ಯಾಹಾರಿಗಳೂ ಕೋರ್ಟಿಗೆ ಹೋದರು. 2002ರಲ್ಲಿ ಕಂಪನಿ ಕ್ಷಮೆ ಕೇಳಿ ಒಂದು ಕೋಟಿ ಡಾಲರ್ ಕೊಡಲು ಒಪ್ಪಿತು. ಭಾರತದ ಅಂಗಡಿಗಳಲ್ಲಿ ಹಾಗೆ ಮಾಡುತ್ತಿಲ್ಲ ಎಂದೂ ಹೇಳಿತು, ಅದನ್ನೂ ದಾಖಲಿಸುತ್ತೇನೆ. ನನಗೆ ಬೇಕಾದದ್ದು ಬೇರೆ ಮಾತು. ಬಡಿಸುವ ಹುಡುಗಿಗೂ ಗೊತ್ತಿಲ್ಲದ ಪದಾರ್ಥ ತಟ್ಟೆಯಲ್ಲಿ ಇರಲು ಸಾಧ್ಯವಾಗುವುದು ಇಂಥ ಅಡುಗೆಮನೆಯಲ್ಲಿ ಮಾತ್ರ. ನಮ್ಮ ಭಟ್ಟರು ಸುಳ್ಳು ಹೇಳಬಹುದು, ಗೊತ್ತಿಲ್ಲ ಎನ್ನಲಾರರು.

ಊಟದ ಮಾತು ಇಲ್ಲಿಗೇ ನಿಂತರೆ ಬೇಕಾದ್ದಾಯಿತು, ನಿಲ್ಲುವುದಿಲ್ಲವಲ್ಲ! ಜಾರ್ಜ್ ರಿಟ್ಜರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಈ ಅಂಗಡಿಗಳ ಪದ್ಧತಿ ಆಸ್ಪತ್ರೆ, ವಿಶ್ವವಿದ್ಯಾಲಯಗಳಿಗೂ ಹಬ್ಬುತ್ತದೆ ಎಂದು ಬಹಳ ಹಿಂದೆಯೇ ಹೇಳಿದ್ದ. ಎಲ್ಲವೂ ಲೆಕ್ಕಕ್ಕೆ ಸಿಗಬೇಕು, ಎಲ್ಲ ಕಡೆ ಒಂದೇ ಥರ ಇರಬೇಕು, ಮನುಷ್ಯನ ಕೈಗೆ ಆದಷ್ಟು ಕಡಿಮೆ ಬಿಡಬೇಕು. ನೀವು ಶಿಕ್ಷಕಿ, ನಿಮಗೆ ನಾನು ಹೇಳಬೇಕೆ? ಒಂದೇ ಹೆಸರಿನ, ಒಂದೇ ಬಣ್ಣದ ಶಾಲೆಗಳು ಊರೂರಿಗೆ ಬಂದಿವೆ. ಇವತ್ತು ಯಾವ ಪಾಠ, ಯಾವ ಪುಟ, ಎಷ್ಟು ನಿಮಿಷ ಎಂಬುದು ಬೇರೆ ಊರಿನ ಕೇಂದ್ರ ಕಚೇರಿಯಿಂದ ಬರುತ್ತದೆ. ಮೇಷ್ಟ್ರು ಅದನ್ನು ಬೆಲ್ಟಿನ ಮೇಲೆ ಇಡುತ್ತಾರೆ. ಮದುವೆಮನೆಗೆ ಹೋದರೆ ಹಿರಿಯೂರಾದರೂ ಹರಿಹರವಾದರೂ ಅದೇ ಬೇಬಿಕಾರ್ನ್, ಅದೇ ಗೋಬಿ ಮಂಚೂರಿ. ಅದರ ಕೆಂಪು ಬಣ್ಣವನ್ನು ಸರ್ಕಾರ 2024ರಲ್ಲಿ ನಿಷೇಧಿಸಬೇಕಾಯಿತು. ಅಮೆರಿಕದಲ್ಲಿ ಪಿಜ್ಜಾ ಕಂಪನಿ ಡಾಮಿನೋಸ್ 30 ನಿಮಿಷದಲ್ಲಿ ಮನೆಗೆ ತಲುಪಿಸುವ ತನ್ನ ಗ್ಯಾರಂಟಿಯನ್ನು ಅಪಘಾತದ ಕೋರ್ಟ್ ತೀರ್ಪಿನ ಪೆಟ್ಟಿಗೆ 1993ರಲ್ಲೇ ಕೈಬಿಟ್ಟಿತು. ನಾವು ಇತ್ತೀಚೆಗೆ ಹತ್ತು ನಿಮಿಷದ ಡೆಲಿವರಿಗೆ ಚಪ್ಪಾಳೆ ತಟ್ಟಿದೆವು. ಪಿ.ಬಿ. ರಸ್ತೆಯಲ್ಲಿ ಲಾರಿಗಳ ಸಂದಿಯಲ್ಲಿ ನುಗ್ಗುವ ಚೀಲದ ಹುಡುಗರನ್ನು ನೀವೂ ನೋಡಿರುತ್ತೀರಿ. ನಿಮ್ಮ ಶಾಲೆಯಲ್ಲೇ ಓದಿದವರು ಅವರಲ್ಲಿ ಇದ್ದಾರು.

ಇನ್ನೊಂದು ಹೊಟ್ಟೆಯುರಿ ಇದೆ. ಸರಪಳಿ ಅಂಗಡಿ ಬಂದರೆ ರಿಬ್ಬನ್ ಕತ್ತರಿಸಲು ದೊಡ್ಡವರು ಬರುತ್ತಾರೆ. ಮಂಡಕ್ಕಿ ಭಟ್ಟಿಯ ಕಡೆ ಯಾರಾದರೂ ಹೋಗುತ್ತಾರೆಯೇ? ಅಲ್ಲಿ ಗಂಡ, ಹೆಂಡತಿ, ಮಕ್ಕಳು ಸೇರಿ ಬೆಳಗಿನ ಜಾವದಿಂದ ಕಾದ ಮರಳಿನ ಮುಂದೆ ನಿಂತು ಅಕ್ಕಿ ಅರಳಿಸುತ್ತಾರೆ. ಆ ಹೊಗೆ, ಆ ಕಾವು, ಆ ಮಕ್ಕಳ ಶಾಲೆ ಯಾವುದೂ ಸರಿಯಿಲ್ಲ. ಅದನ್ನು ಪರಂಪರೆ ಎಂದು ಪೂಜೆ ಮಾಡುವವನೂ ನಾನಲ್ಲ. ಸರಿಮಾಡಿ ಎನ್ನುತ್ತೇನೆ. ನಮ್ಮವರಿಗೆ ಗೊತ್ತಿರುವುದು ಎರಡೇ ದಾರಿ: ಎತ್ತಿಬಿಡುವುದು, ಇಲ್ಲವೇ ಹಾಗೇ ಬಿಡುವುದು. ಬೀದಿ ವ್ಯಾಪಾರಿಗಳಿಗೆ ರಕ್ಷಣೆ ಕೊಡುವ ಕಾನೂನು 2014ರಲ್ಲೇ ಬಂದಿದೆ. ಊರು ಸುಂದರವಾಗಬೇಕು ಎಂದು ಹೊರಟಾಗ ಮೊದಲು ಲಾರಿಗೆ ಏರುವುದು ಮಾತ್ರ ಅದೇ ತಳ್ಳುಗಾಡಿ.

ಮಗಳನ್ನು ಅಲ್ಲಿಗೆ ಕಳಿಸಬೇಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೆ ಅವಳು ಕೇಳುವುದೂ ಇಲ್ಲ, ಕೇಳಬಾರದು ಕೂಡ. ನಿಮ್ಮ ಮೇಲೆ ಮಾತ್ರ ಒಂದು ಸಣ್ಣ ಆಕ್ಷೇಪಣೆ ಇದೆ. ಹೆಣ್ಣುಮಕ್ಕಳಿಗೆ ಕೂರಲು ಜಾಗವಿಲ್ಲ ಎಂಬ ದೂರನ್ನು ನೀವು ನನಗೆ ಬರೆದಿರಿ, ನಿಮ್ಮ ವಾರ್ಡಿನ ಸದಸ್ಯರಿಗೆ ಬರೆಯಲಿಲ್ಲ. ಊರಿಗೆ ಒಂದು ಒಳ್ಳೆಯ ವಾಚನಾಲಯ, ನೆರಳಿರುವ ಒಂದು ಪಾರ್ಕು, ಬೀಗ ಹಾಕದ ಒಂದು ಶೌಚಾಲಯ ಕೇಳುವ ಬದಲು, ಅದನ್ನೆಲ್ಲ ಪಿಜ್ಜಾದ ಬಿಲ್ಲಿನಲ್ಲಿ ಸೇರಿಸಿ ಕೊಂಡು ತೃಪ್ತರಾದಿರಿ. ಹೋಟೆಲಿನವರಿಗೂ ಇಲ್ಲೇ ಒಂದು ಮಾತು: ಶಿಕ್ಷಕಿ ಬರೆದಿರುವುದು ನಿಜ, ನೀರು ಬರುವ ನಲ್ಲಿ, ಒಳಗಿನಿಂದ ಹಾಕಿಕೊಳ್ಳುವ ಚಿಲಕ ಇಷ್ಟಕ್ಕೆ ಬೆಣ್ಣೆಯಷ್ಟು ಖರ್ಚಾಗುವುದಿಲ್ಲ.

ಈ ಚರ್ಚೆ ಮುಂದುವರಿಯಲಿ ಎಂದು ಮುಂದಿನ ಎರಡು ಸಂಚಿಕೆಗಳಲ್ಲಿ ನಾಲ್ಕು ಪುಟ ತೆಗೆದಿರಿಸಿದ್ದೇನೆ. ಎರಡೂ ಜಿಲ್ಲೆಗಳ ಓದುಗರು ತಮ್ಮ ಊರಿನ ಒಂದು ಹೋಟೆಲು, ಖಾನಾವಳಿ ಅಥವಾ ಗಾಡಿಯ ಬಗ್ಗೆ ಬರೆಯಬಹುದು. ಒಲೆಯ ಮುಂದೆ ಇರುವವರು ಯಾರು, ಅವರಿಗೆ ಕಲಿಸಿದವರು ಯಾರು, ಅವರು ಯಾರಿಗೆ ಕಲಿಸುತ್ತಿದ್ದಾರೆ ಎಂಬುದು ಇರಲೇಬೇಕು. ಹೆಸರು ಹಾಕುವ ಮೊದಲು ಅವರ ಒಪ್ಪಿಗೆ ಕೇಳಿ. ಮುನ್ನೂರು ಪದ ಮೀರಬಾರದು, ‘ಬಾಯಲ್ಲಿ ನೀರೂರಿತು’ ಎಂಬ ವಾಕ್ಯ ಬೇಡ. ಬೆಣ್ಣೆ ದೋಸೆಯ ಲೇಖನಗಳು ಈಗಾಗಲೇ ನನ್ನ ಮೇಜಿನ ಮೇಲೆ ರಾಶಿ ಬಿದ್ದಿವೆ, ದಾವಣಗೆರೆಯವರು ದಯವಿಟ್ಟು ಬೇರೆ ಏನಾದರೂ ತಿಂದು ಬರೆಯಿರಿ.

– ಸಂಪಾದಕ